ಪಟ್ಟಿಯಿಲ್ಲದ ಭಂಡಾರ: ಕ್ಷೇತ್ರಕಾರ್ಯದ ಡಿಜಿಟಲ್ ಸಾಮಗ್ರಿಯನ್ನು ಕುರಿತು ಒಂದು ವಿಚಾರ

ಕನ್ನಡ ಸಂಶೋಧನೆಯ ಇತಿಹಾಸದಲ್ಲಿ ಸೂಚಿಯ ರಚನೆಗೆ ಗೌರವದ ಸ್ಥಾನವಿದೆ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು (1907, 1919, 1929) ಸಾಹಿತ್ಯಚರಿತ್ರೆಯೆಂದು ಓದುತ್ತ ಬಂದಿದ್ದರೂ ಅವುಗಳ ಬೆನ್ನೆಲುಬು ಕವಿಗಳ ಮತ್ತು ಕೃತಿಗಳ ಪಟ್ಟಿಯೇ ಆಗಿದೆ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಪ್ರಕಟವಾದ ಮೇಲೆಯೇ ಮೂಡಬಿದಿರೆಯ ಜೈನ ಭಂಡಾರಗಳಲ್ಲಿರುವ ಗ್ರಂಥಗಳ ವಿವರವು ಅಲ್ಲಿಗೆ ಹೋಗಲಾರದ ವಿದ್ವಾಂಸರಿಗೂ ಕೈಗೆಟುಕಿತು. ಮೈಸೂರು ಮತ್ತು ಹಂಪಿಯ ಸಂಸ್ಥೆಗಳು ಹೊರತಂದ ಹಸ್ತಪ್ರತಿ ಸೂಚಿಗಳನ್ನು ಬಳಸದೆ ಇಂದು ಯಾರೂ ಗ್ರಂಥಸಂಪಾದನೆಗೆ ಕೈಹಾಕುವುದಿಲ್ಲ. ಈ ಪರಂಪರೆಯನ್ನು ತರಗತಿಯಲ್ಲಿ ಪಾಠ ಹೇಳುವ ನಾವು, ನಮ್ಮ ಕೈಯಿಂದಲೇ ನಿರ್ಮಾಣವಾಗುತ್ತಿರುವ ಹೊಸ ಭಂಡಾರಗಳಿಗೆ ಸೂಚಿಯನ್ನು ರಚಿಸುತ್ತಿಲ್ಲ ಎಂಬುದು ಪ್ರಸ್ತುತ ಲೇಖನದ ಆಕ್ಷೇಪ.

ಹೊಸ ಭಂಡಾರವೆಂದರೆ ಪ್ರತಿಯೊಬ್ಬ ಸಂಶೋಧಕನ ಕಪಾಟಿನಲ್ಲಿರುವ ಹಾರ್ಡ್ ಡಿಸ್ಕ್. ಕ್ಷೇತ್ರಕಾರ್ಯಕ್ಕೆ ಹೋದವರು ಶಾಸನದ, ಓಲೆಯ, ವಹಿಯ, ವೀರಗಲ್ಲಿನ ಛಾಯಾಚಿತ್ರಗಳನ್ನು ಸಾವಿರಗಟ್ಟಲೆ ತೆಗೆಯುತ್ತಾರೆ. ವಕ್ತೃಗಳ ಹಾಡು, ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ಮರಳಿ ಬಂದು ಎಲ್ಲವನ್ನೂ ಒಂದು ಫೋಲ್ಡರಿಗೆ ಸುರಿಯುತ್ತಾರೆ. ಪ್ರಬಂಧ ಸಿದ್ಧವಾಗುತ್ತದೆ, ಪದವಿ ದೊರೆಯುತ್ತದೆ. ಫೋಲ್ಡರಿನಲ್ಲಿ ಏನಿದೆಯೆಂದು ಕೇಳಿದರೆ ‘ಎಲ್ಲ ಇದೆ’ ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ನಾನೂ ಬಹಳ ಕಾಲ ಕೊಡುತ್ತಿದ್ದೆ.

ನನ್ನ ಅಧ್ಯಯನದ ಕ್ಷೇತ್ರ ಕವಿತಾಳ ಮತ್ತು ಅದರ ಸುತ್ತಿನ ಮಾನ್ವಿ, ದೇವದುರ್ಗ ಭಾಗದ ಊರುಗಳು. ದಾಸಸಾಹಿತ್ಯದ ಓದುಗರಿಗೆ ಈ ಪ್ರದೇಶವನ್ನು ಪರಿಚಯಿಸುವ ಅಗತ್ಯವಿಲ್ಲ. ವಿಜಯದಾಸರ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ ಇವೆಲ್ಲ ಇದೇ ಎಡೆದೊರೆ ನಾಡಿನವು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದ ಹಾಡುಗಳು ಮನೆಮನೆಯ ಕೈಬರಹದ ವಹಿಗಳಲ್ಲಿ ಉಳಿದು ಬಂದವು. ಲಿಂಗಸುಗೂರಿನಲ್ಲಿದ್ದು ಗೊರೆಬಾಳ ಹನುಮಂತರಾಯರು ಅಂಥ ಪ್ರತಿಗಳನ್ನು ಕೂಡಿಸಿ ಹರಿದಾಸರ ಕೃತಿಗಳನ್ನು ಪ್ರಕಟಿಸಿದ್ದನ್ನು ಇಲ್ಲಿ ನೆನೆಯಬೇಕು. ಅವರ ಕಾಲದ ನಂತರವೂ ಎಷ್ಟೋ ವಹಿಗಳು ಮಾಡುಗಳಲ್ಲಿ, ದೇವರಮನೆಯ ಪೆಟ್ಟಿಗೆಗಳಲ್ಲಿ ಉಳಿದಿವೆ. ಅವುಗಳ ಚಿತ್ರ ತೆಗೆಯುವುದು ನನ್ನ ಕೆಲಸದ ಒಂದು ಭಾಗವಾಗಿತ್ತು.

ಅಂಥದೊಂದು ಮನೆಯಲ್ಲಿ ಗೋಪಾಲವಿಠಲ, ಜಗನ್ನಾಥವಿಠಲ ಅಂಕಿತಗಳ ಹಾಡುಗಳಿದ್ದ ಕಾಗದದ ವಹಿಯೊಂದು ದೊರೆಯಿತು. ಮನೆಯ ಹಿರಿಯರು ಅದನ್ನು ಹೊರಗೆ ಕೊಡಲು ಒಪ್ಪಲಿಲ್ಲ. ಜಗುಲಿಯಲ್ಲೇ ಕುಳಿತು 214 ಪುಟಗಳ ಚಿತ್ರ ತೆಗೆದುಕೊಂಡೆ. ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆ ದಿನ ನಾನು ಮಾಡಿದ ಒಂದೇ ಒಂದು ವಿವೇಕದ ಕೆಲಸ ಅದು. ಎರಡು ವರ್ಷಗಳ ಬಳಿಕ ಕೆಲವು ಪಾಠಾಂತರಗಳನ್ನು ಮೂಲದೊಡನೆ ಹೋಲಿಸಲು ಹೋದಾಗ ಹಳೆಯ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿದ್ದರು. ವಹಿಯ ಮಾತೆತ್ತಿದಾಗ ಆ ಮನೆಯ ಅಜ್ಜಿ, ‘ಹುಳ ಹತ್ತಿ ಪುಡಿಪುಡಿ ಆಗಿತ್ತೋ ತಮ್ಮಾ, ದೇವರ ಹಾಡು ಅದಾವ, ಕಸದಾಗ ಒಗೀಬಾರದಂತ ಹೊಳಿಗೆ ಬಿಟ್ವಿ. ಅದರ ಫೋಟೋ ನಿನ್ನ ಕಡಿ ಅದಾವಲ್ಲ?’ ಎಂದರು. ಇವೆ ಎಂದೆ.

ಹಿಂದಿರುಗಿ ಹುಡುಕಲು ಕುಳಿತಾಗ ಸಂಕಟ ಪ್ರಾರಂಭವಾಯಿತು. ಮೂರು ಕ್ಯಾಮೆರಾ, ಎರಡು ಫೋನು, ಒಂದು ಧ್ವನಿಮುದ್ರಕ ಮತ್ತು ಸ್ಕ್ಯಾನರಿನಿಂದ ಬಂದ ಸುಮಾರು 28,000 ಫೈಲುಗಳು ಒಂದೇ ಫೋಲ್ಡರಿನಲ್ಲಿದ್ದವು. ಅದನ್ನು ತೆರೆದರೆ ಕಂಪ್ಯೂಟರಿನ ಕಿಟಕಿ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಕಾದು ಕುಳಿತರೆ ಚಿಕ್ಕ ಚಿತ್ರಗಳು ಒಂದೊಂದಾಗಿ ಮೂಡುತ್ತಿದ್ದವು. ಕೆಳಗೆ ಸರಿಸಿದೊಡನೆ ಮತ್ತೆ ನಿಲ್ಲುತ್ತಿತ್ತು. ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು ಎಂದು ಮಿತ್ರರು ಸಲಹೆಯಿತ್ತರು. ದೋಷ ಯಂತ್ರದ್ದಾಗಿರಲಿಲ್ಲ.

ಇಲ್ಲಿ ಫೋಲ್ಡರಿನ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಫೋಲ್ಡರನ್ನು ನಾವು ಪೆಟ್ಟಿಗೆಯೆಂದು ಕಲ್ಪಿಸಿಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಹೆಸರುಗಳ ಒಂದು ಕಚ್ಚಾ ಪಟ್ಟಿ. ಪ್ರತಿ ಹೆಸರಿನೊಡನೆ ಆ ಫೈಲು ಡಿಸ್ಕಿನಲ್ಲಿ ಎಲ್ಲಿದೆಯೆಂಬ ಗುರುತು ಇರುತ್ತದೆ. ಈ ಪಟ್ಟಿಯನ್ನು ಓದುವ ಕೆಲಸವಷ್ಟೇ ಆದರೆ ಇಪ್ಪತ್ತೆಂಟು ಸಾವಿರ ಹೆಸರುಗಳು ಕಂಪ್ಯೂಟರಿಗೆ ಲೆಕ್ಕವಲ್ಲ. ಕಿಟಕಿ ಅಷ್ಟಕ್ಕೆ ನಿಲ್ಲುವುದಿಲ್ಲ. ಎಲ್ಲ ಹೆಸರುಗಳನ್ನೂ ಸ್ಮೃತಿಗೆ ತಂದುಕೊಂಡು ಅವನ್ನು ವಿಂಗಡಿಸುತ್ತದೆ. ಗಾತ್ರ, ದಿನಾಂಕ, ಬಗೆಗಳನ್ನು ತೋರಿಸಲು ಹೊರಡುತ್ತದೆ. ಚಿತ್ರವಾದರೆ ಅದನ್ನು ತೆರೆದು ಕಿರುಚಿತ್ರವನ್ನು ತಯಾರಿಸುತ್ತದೆ. ಗ್ರಂಥಾಲಯದಲ್ಲಿ ಒಂದು ಪುಸ್ತಕವಿದೆಯೇ ಎಂದು ಕೇಳಿದರೆ ಗ್ರಂಥಪಾಲಕರು ಎಲ್ಲ ಪುಸ್ತಕಗಳನ್ನೂ ಕೆಳಗಿಳಿಸಿ ಮುಖಪುಟ ತೋರಿಸತೊಡಗಿದರೆ ಹೇಗೋ ಹಾಗೆ.

ಲಿನಕ್ಸಿನಲ್ಲಿ ಫೈಲುಗಳ ಪಟ್ಟಿಯನ್ನು ತೋರಿಸುವ ‘ಎಲ್‌ಎಸ್’ ಎಂಬ ಆದೇಶವೂ ಸಾಮಾನ್ಯವಾಗಿ ಎಲ್ಲ ಹೆಸರುಗಳನ್ನು ಓದಿ, ಅಕಾರಾದಿಯಾಗಿ ಜೋಡಿಸಿದ ಮೇಲೆಯೇ ಮೊದಲ ಹೆಸರನ್ನು ಪ್ರಕಟಿಸುತ್ತದೆ. ಜೋಡಿಸಬೇಡವೆಂದು ಸೂಚಿಸಲು ಅದರಲ್ಲಿ ಅವಕಾಶವಿದೆ; ಹಾಗೆ ಸೂಚಿಸಿದರೆ ಹೆಸರುಗಳು ಡಿಸ್ಕಿನಲ್ಲಿರುವ ಅನುಕ್ರಮದಲ್ಲೇ ಹೊರಬರುತ್ತವೆ. ಪೈಥಾನ್ ಎಂಬ ಭಾಷೆಯಲ್ಲಿಯೂ ಮೊದಲಿದ್ದ ‘ಲಿಸ್ಟ್‌ಡಿರ್’ ಎಲ್ಲ ಹೆಸರುಗಳನ್ನೂ ಒಮ್ಮೆಗೇ ಮೂಟೆ ಕಟ್ಟಿ ಕೊಡುತ್ತಿತ್ತು. ಪ್ರತಿಯೊಂದೂ ಫೈಲೋ ಒಳಫೋಲ್ಡರೋ ಎಂದು ತಿಳಿಯಲು ಡಿಸ್ಕನ್ನು ಮತ್ತೆ ಕೇಳಬೇಕಾಗಿತ್ತು. 2015ರಲ್ಲಿ ಬಂದ 3.5ನೆಯ ಆವೃತ್ತಿಯಲ್ಲಿ ‘ಸ್ಕ್ಯಾನ್‌ಡಿರ್’ ಸೇರಿತು. ಇದು ಹೆಸರುಗಳನ್ನು ಒಂದೊಂದಾಗಿ ಕೊಡುತ್ತದೆ, ಬಗೆಯನ್ನೂ ಸಾಧಾರಣವಾಗಿ ಜೊತೆಯಲ್ಲೇ ಹೇಳುತ್ತದೆ. ವಿಂಡೋಸಿನಲ್ಲಾದರೆ ಗಾತ್ರ, ದಿನಾಂಕಗಳಿಗೂ ಮತ್ತೆ ಕೇಳುವ ಪ್ರಮೇಯವಿಲ್ಲ, ಲಿನಕ್ಸಿನಲ್ಲಿ ಕೇಳಬೇಕು. ದೊಡ್ಡ ಫೋಲ್ಡರುಗಳಲ್ಲಿ ಇದರಿಂದ ವೇಗ ಹಲವು ಪಟ್ಟು ಹೆಚ್ಚುತ್ತದೆ.

ಎಂ.ಎ. ಕನ್ನಡ ಓದಿದ ನನಗೆ ಇದನ್ನು ಕಲಿಯಲು ಎರಡು ವಾರ ಹಿಡಿಯಿತು. ಬರೆದ ಸ್ಕ್ರಿಪ್ಟ್ ಹದಿನೈದು ಸಾಲನ್ನು ಮೀರಲಿಲ್ಲ. ಫೋಲ್ಡರಿನೊಳಗೆ ಹೋಗು, ಒಂದು ಹೆಸರನ್ನು ತೆಗೆದುಕೊ, ಹೆಸರು, ಗಾತ್ರ, ದಿನಾಂಕಗಳನ್ನು ಒಂದು ಸಾಲಾಗಿ ಪಟ್ಟಿಗೆ ಬರೆ, ಮುಂದಿನದಕ್ಕೆ ಹೋಗು – ಇಷ್ಟೇ ಅದರ ಹುರುಳು. ಯಾವ ಚಿತ್ರವನ್ನೂ ತೆರೆಯುವುದಿಲ್ಲ, ಜೋಡಣೆಯನ್ನು ಕೊನೆಗೆ ಬಿಡುತ್ತದೆ. ಅರ್ಧ ಗಂಟೆ ಕಾದರೂ ತೆರೆಯದ ಫೋಲ್ಡರಿನ ಪೂರ್ಣ ಪಟ್ಟಿ ಒಂದು ಗುಟುಕು ಚಹಾ ಕುಡಿಯುವುದರೊಳಗೆ ಸಿದ್ಧವಾಯಿತು.

ಆದರೆ ವೇಗಕ್ಕಿಂತ ಮುಖ್ಯವಾದ ಸಂಗತಿಯನ್ನು ಆ ಪಟ್ಟಿ ಹೇಳಿತು. ವಹಿಯ ದಿನಾಂಕಕ್ಕೆ ಸೇರಿದ ಚಿತ್ರಗಳು 197 ಮಾತ್ರ ಇದ್ದವು. ನೋಟ್‌ಬುಕ್ಕಿನ ಲೆಕ್ಕಕ್ಕೆ 17 ಕಡಿಮೆ. ಕಾರಣವೂ ಪಟ್ಟಿಯಲ್ಲೇ ಸಿಕ್ಕಿತು. ಡಿಜಿಟಲ್ ಕ್ಯಾಮೆರಾಗಳು ಚಿತ್ರಗಳಿಗೆ ನಾಲ್ಕು ಅಂಕಿಗಳ ಸಂಖ್ಯೆ ಕೊಡುತ್ತವೆ. 9999 ಮುಗಿದರೆ ಮತ್ತೆ 0001ರಿಂದ ತೊಡಗುತ್ತವೆ. ವಹಿಯ ಚಿತ್ರಗಳು 9803ರಿಂದ 9999ರವರೆಗೆ ಸಾಗಿ, ಉಳಿದ ಹದಿನೇಳು ಪುಟಗಳಿಗೆ 0001ರಿಂದ 0017ರವರೆಗಿನ ಸಂಖ್ಯೆಗಳು ಬಿದ್ದಿದ್ದವು. ಅದೇ ಸಂಖ್ಯೆಯ ಚಿತ್ರಗಳು ಹಿಂದಿನ ವರ್ಷದ್ದು ಆ ಫೋಲ್ಡರಿನಲ್ಲಿ ಮೊದಲೇ ಇದ್ದವು. ಪ್ರತಿ ಮಾಡುವಾಗ ಈ ಹೆಸರಿನ ಫೈಲು ಈಗಾಗಲೇ ಇದೆ, ಏನು ಮಾಡಲಿ ಎಂದು ಕಂಪ್ಯೂಟರು ಕೇಳಿರಬೇಕು. ಇದ್ದದ್ದೇ ಇರಲಿ ಎಂದು ನಾನು ಒತ್ತಿರಬೇಕು. ಬಳಿಕ ಕ್ಯಾಮೆರಾದ ಕಾರ್ಡನ್ನು ಅಳಿಸಿ ಮತ್ತೆ ಬಳಸಿದ್ದೆ. ಓದಲೆಂದು ಮಿತ್ರರೊಬ್ಬರು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದ ಒಂಬತ್ತು ಪುಟಗಳು ಮರಳಿ ದೊರೆತವು. ಎಂಟು ಪುಟಗಳು ಹೋದವು. ಅವುಗಳ ಮೂಲ ಹೊಳೆಯಲ್ಲಿದೆ.

ಊರಿನಿಂದ ಬಂದ ದಿನವೇ ಪಟ್ಟಿ ಮಾಡಿದ್ದರೆ 214ಕ್ಕೆ 197 ಎಂಬ ವ್ಯತ್ಯಾಸ ಅಂದೇ ತಿಳಿಯುತ್ತಿತ್ತು, ಕಾರ್ಡು ಇನ್ನೂ ಕೈಯಲ್ಲಿತ್ತು. ಓಲೆಗ್ರಂಥದ ಸೂಚಿಕಾರರು ಗರಿಗಳ ಸಂಖ್ಯೆಯನ್ನು ಏಕೆ ತಪ್ಪದೆ ನಮೂದಿಸುತ್ತಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. ಪರೀಕ್ಷೆಯ ಉತ್ತರದಲ್ಲಿ ಅದನ್ನು ನಾನು ಹಲವು ಸಲ ಬರೆದು ಅಂಕ ಪಡೆದಿದ್ದೇನೆ.

ಹೆಸರಿಡುವಿಕೆಯ ಪ್ರಶ್ನೆ ಇದರ ಇನ್ನೊಂದು ಮುಖ. ಇದರಲ್ಲಿ ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳಿವೆ. ಇವನ್ನು ತಂತ್ರಜ್ಞರು ತಾವಾಗಿಯೇ ಬಿಡಿಸಲಾರರು. 2000ದ ದಶಕದಲ್ಲಿ ನುಡಿ, ಬರಹಗಳಲ್ಲಿ ಬೆರಳಚ್ಚು ಮಾಡುತ್ತಿದ್ದವರಿಗೆ ಫೈಲಿನ ಹೆಸರನ್ನು ಕನ್ನಡದಲ್ಲಿ ಇಡಲು ಅನುಕೂಲವಿರಲಿಲ್ಲ. ಆ ಅಕ್ಷರಶೈಲಿಗಳ ಹಳೆಯ ಸಂಕೇತಗಳು ಫೋಲ್ಡರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿದ್ದವು. ಹೀಗಾಗಿ ಎಲ್ಲರೂ ರೋಮನ್ ಲಿಪಿಯನ್ನು ಅವಲಂಬಿಸಿದರು. ಅದರಲ್ಲಿ ಕವಿತಾಳದ ‘ತ’ಕಾರಕ್ಕೆ ಎಚ್ ಸೇರಿಸುವವರಿದ್ದಾರೆ, ಸೇರಿಸದವರಿದ್ದಾರೆ, ಕೊನೆಗೊಂದು ಎ ಹಚ್ಚುವವರಿದ್ದಾರೆ, ಹಚ್ಚದವರಿದ್ದಾರೆ. ಒಂದೇ ಊರು ಪಟ್ಟಿಯಲ್ಲಿ ನಾಲ್ಕು ಕಡೆ ಚೆದುರುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಅನುಭವ ಇದಕ್ಕೆ ದೊಡ್ಡ ನಿದರ್ಶನ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಹಳೆಯ ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆದವು. ನಿಜಾಮ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಭಾಗದ ಸಂಶೋಧಕರಿಗೆ ಅದೊಂದು ನಿಧಿ. ಆದರೆ ಹೆಸರುಗಳು ರೋಮನ್ ಲಿಪಿಯಲ್ಲಿ ಮನಬಂದಂತೆ ನಮೂದಾದ ಕಾರಣ ಪುಸ್ತಕವಿದ್ದೂ ಇಲ್ಲದಂತಾಗಿತ್ತು. ಸಂಚಯದ ಬಳಗದವರು ಆ ಶೀರ್ಷಿಕೆಗಳನ್ನು ಸ್ವಯಂಸೇವಕರ ನೆರವಿನಿಂದ ಕನ್ನಡ ಲಿಪಿಗೆ ತಂದು ಪಟ್ಟಿ ಮಾಡಿದ ಮೇಲೆ ಹುಡುಕುವುದು ಸಾಧ್ಯವಾಯಿತು. ಈ ಕೆಲಸ ಕನ್ನಡ ವಿಭಾಗಗಳಿಂದ ಮೊದಲು ಆಗಬೇಕಾಗಿತ್ತು ಎಂದರೆ ತಪ್ಪಾಗಲಾರದು.

ಯೂನಿಕೋಡ್ ಬಂದ ಮೇಲೆ ಕನ್ನಡದಲ್ಲಿಯೇ ಹೆಸರಿಡಬಹುದು. ಆದರೆ ತೊಡಕು ಅಲ್ಲಿಗೆ ಮುಗಿಯಲಿಲ್ಲ. ನನ್ನ ಪಟ್ಟಿಯಲ್ಲಿ ‘ಗೋಪಾಲದಾಸ’ ಎಂಬ ಹೆಸರು ಎರಡು ಬಾರಿ ಬಂದಿತ್ತು. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಇರಲಾರವು. ನೋಡಿದರೆ, ‘ಗೋ’ ಎಂಬಲ್ಲಿಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ನಿಯಮದಂತೆ ಅವು ಸಮಾನ. ಆದರೆ ವಿಂಡೋಸ್ ಹಾಗೂ ಲಿನಕ್ಸಿನ ಫೋಲ್ಡರುಗಳು ಅವನ್ನು ಬೇರೆ ಬೇರೆಯೆಂದೇ ಭಾವಿಸುತ್ತವೆ. ಆಪಲ್ ಕಂಪ್ಯೂಟರುಗಳ ಹಳೆಯ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಬರೆಯುತ್ತಿತ್ತು. ನನ್ನ ಸಾಮಗ್ರಿಯ ಒಂದು ಭಾಗ ಅಂಥ ಯಂತ್ರವೊಂದನ್ನು ಹಾದು ಬಂದಿತ್ತು. ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಸಾಲೊಂದನ್ನು ಸ್ಕ್ರಿಪ್ಟಿಗೆ ಸೇರಿಸಿದರೆ ಇದು ಬಗೆಹರಿಯುತ್ತದೆ. ‘ವಿಠಲ’ ಮತ್ತು ‘ವಿಠ್ಠಲ’ಗಳ ವ್ಯತ್ಯಾಸ ಮಾತ್ರ ಹಾಗೆ ಬಗೆಹರಿಯುವಂಥದಲ್ಲ. ಅಲ್ಲಿ ವಿದ್ವಾಂಸನೇ ತೀರ್ಮಾನಿಸಬೇಕು.

ವರ್ಣಾನುಕ್ರಮದ ಸಂಗತಿಯೂ ಹೀಗೆಯೇ. ಯೂನಿಕೋಡಿನ ಸಂಕೇತಸಂಖ್ಯೆಗಳಲ್ಲಿ ಳಕಾರವು ಲಕಾರದ ಮಗ್ಗುಲಲ್ಲೇ, ವಕಾರಕ್ಕಿಂತ ಮೊದಲು ನಿಂತಿದೆ. ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಸಂಕೇತಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ಸ್ಕ್ರಿಪ್ಟ್ ಬಳಗಾನೂರನ್ನು ಬಸಾಪುರಕ್ಕಿಂತ ಮೊದಲು ಇಡುತ್ತದೆ. ಕನ್ನಡ ಓದುಗ ಅದನ್ನು ಬಸಾಪುರದ ನಂತರ ಹುಡುಕುತ್ತಾನೆ, ಕಾಣದೆ ಆ ಊರಿನ ಸಾಮಗ್ರಿಯೇ ಇಲ್ಲವೆಂದು ತಿಳಿಯುತ್ತಾನೆ. ಕನ್ನಡ ಕ್ರಮವನ್ನು ಬಲ್ಲ ವಿಂಗಡಣೆಯ ಸೌಲಭ್ಯಗಳಿವೆ. ಅವನ್ನು ಬಳಸಬೇಕೆಂದು ಕೇಳುವವರು ಬೇಕು. ಪದವಿ ತರಗತಿಯಲ್ಲಿ ಕೇಶಿರಾಜನನ್ನು ಬೋಧಿಸುವವರ ಹೊರತು ಬೇರೆ ಯಾರು ಕೇಳಿಯಾರು?

ಇನ್ನೊಂದು ಸಣ್ಣ ಅನುಭವ. ಹೆಸರುಗಳನ್ನೆಲ್ಲ ಊರು, ದಾಸರ ಹೆಸರು, ಕಟ್ಟು, ಪುಟಗಳೊಡನೆ ಉದ್ದವಾಗಿ ಕನ್ನಡದಲ್ಲಿ ಬದಲಿಸಿ ಪೆನ್‌ಡ್ರೈವಿಗೆ ಪ್ರತಿ ಮಾಡಲು ಹೊರಟೆ. ಸುಮಾರು ಹದಿನಾರು ಸಾವಿರ ಫೈಲುಗಳಾದ ಮೇಲೆ ಪೆನ್‌ಡ್ರೈವು ಒಪ್ಪಲಿಲ್ಲ. ಅರ್ಧದಷ್ಟು ಜಾಗ ಖಾಲಿಯೇ ಇತ್ತು. ಇಂಥ ಪೆನ್‌ಡ್ರೈವುಗಳಲ್ಲಿರುವ ಫ್ಯಾಟ್-32 ಎಂಬ ವ್ಯವಸ್ಥೆಯಲ್ಲಿ ಒಂದು ಫೋಲ್ಡರಿಗೆ 65,536 ನಮೂದುಗಳ ಮಿತಿಯಿದೆ. ಉದ್ದದ ಹೆಸರಿನ ಪ್ರತಿ 13 ಸಂಕೇತಗಳು ಒಂದೊಂದು ನಮೂದನ್ನು ನುಂಗುತ್ತವೆ, ಮೇಲೆ ಕಿರುಹೆಸರಿಗೆ ಇನ್ನೊಂದು. ಮೂವತ್ತು ಮೂವತ್ತೈದು ಸಂಕೇತಗಳ ಹೆಸರೆಂದರೆ ನಾಲ್ಕು ನಮೂದು. ಲೆಕ್ಕ ಹದಿನಾರು ಸಾವಿರದ ಆಸುಪಾಸಿಗೇ ಬರುತ್ತದೆ. ಲಿನಕ್ಸಿನಲ್ಲಿ ಮಿತಿ ಬೇರೆ ಬಗೆಯದು: ಹೆಸರು 255 ಬೈಟುಗಳನ್ನು ಮೀರಬಾರದು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. ‘ಕವಿತಾಳ’ ಎಂಬ ನಾಲ್ಕು ಅಕ್ಷರಗಳೇ 18 ಬೈಟುಗಳಾಗುತ್ತವೆ. ಎಲ್ಲ ವಿವರಗಳನ್ನೂ ಹೆಸರಿನಲ್ಲೇ ತುಂಬುವುದು ಜಾಣತನವಲ್ಲವೆಂದು ಇದರಿಂದ ಕಲಿತೆ.

ಹಾಗಾದರೆ ಒಳಫೋಲ್ಡರುಗಳಲ್ಲಿ ತಾಲ್ಲೂಕುವಾರು ಹಂಚಿಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಒಂದೇ ಕಡೆ ಎಲ್ಲವನ್ನೂ ಸುರಿಯುವುದಕ್ಕಿಂತ ಅದು ಮೇಲು. ಆದರೆ ನಾನು ಕ್ಷೇತ್ರಕಾರ್ಯಕ್ಕೆ ಆಧರಿಸಿದ ಹಳೆಯ ಗ್ರಂಥಗಳಲ್ಲಿ ಕವಿತಾಳವು ಮಾನ್ವಿ ತಾಲ್ಲೂಕಿನದು. ಈಚೆಗಿನ ಮರುವಿಂಗಡಣೆಯ ಬಳಿಕ ಅದು ಸಿರವಾರ ತಾಲ್ಲೂಕಿಗೆ ಸೇರಿದೆ. ಅಶೋಕನ ಹೆಸರನ್ನು ಹೇಳುವ, 1915ರಲ್ಲಿ ಬೆಳಕಿಗೆ ಬಂದ ಶಾಸನದ ಮಸ್ಕಿಯನ್ನು ಹಳೆಯ ಪುಸ್ತಕಗಳು ಲಿಂಗಸುಗೂರು ತಾಲ್ಲೂಕಿನಲ್ಲಿ ತೋರಿಸುತ್ತವೆ. ಇಂದು ಮಸ್ಕಿಯೇ ಒಂದು ತಾಲ್ಲೂಕು. ಪ್ರತಿ ಮರುವಿಂಗಡಣೆಗೂ ಫೋಲ್ಡರುಗಳನ್ನು ಸ್ಥಳಾಂತರಿಸುತ್ತ ಹೋದರೆ ಪ್ರಬಂಧದ ಅಡಿಟಿಪ್ಪಣಿಗಳೆಲ್ಲ ಅನಾಥವಾಗುತ್ತವೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿಯೂ ಶಾಸನಗಳಿಗೆ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಇದೆ. ಗಡಿಗಳು ಎಷ್ಟೋ ಬದಲಾದವು. ಆ ಸಂಪುಟಗಳ ಸಂಖ್ಯೆಗಳಿಂದಲೇ ನೂರು ವರ್ಷಗಳ ಹಿಂದಿನ ಉಲ್ಲೇಖವನ್ನು ಇಂದಿಗೂ ಹುಡುಕಿ ತೆಗೆಯಬಹುದು. ಫೈಲಿಗೂ ಕದಲದ ಒಂದು ಕ್ರಮಸಂಖ್ಯೆ ಇರಲಿ. ಊರು, ತಾಲ್ಲೂಕು, ಅಂಕಿತ, ವಕ್ತೃ, ದಿನಾಂಕಗಳೆಲ್ಲ ಪಟ್ಟಿಯಲ್ಲಿರಲಿ. ಸಂಖ್ಯೆಯನ್ನು ಒಂದು, ಹತ್ತು, ಎರಡು ಎಂಬ ಅಡ್ಡಾದಿಡ್ಡಿ ಕ್ರಮ ಬಾರದಂತೆ ಮೊದಲಿಗೆ ಸೊನ್ನೆಗಳನ್ನು ಸೇರಿಸಿ ಬರೆಯಬೇಕು.

‘ಇದು ಕನ್ನಡ ಸಂಶೋಧಕನ ಕೆಲಸವಲ್ಲ, ಕಂಪ್ಯೂಟರಿನವರದು’ ಎಂದು ಗೋಷ್ಠಿಯೊಂದರಲ್ಲಿ ಹಿರಿಯರೊಬ್ಬರು ನನಗೆ ಹೇಳಿದರು. ಅವರ ಮಾತಿನಲ್ಲಿ ಕಾಳಜಿಯಿತ್ತು. ಸಾಹಿತ್ಯದ ಓದು ಕೈಬಿಟ್ಟೀತೆಂಬ ಭಯವಿತ್ತು. ಆ ಭಯ ನಿರಾಧಾರವೆಂದು ಹೇಳಲಾರೆ. ಆದರೂ ನಮ್ಮ ಪೂರ್ವಸೂರಿಗಳು ಓಲೆಗೆ ಎಣ್ಣೆ ಹಚ್ಚುವುದನ್ನು, ಶಾಸನದ ಪಡಿಯಚ್ಚು ತೆಗೆಯುವುದನ್ನು ತಾವೇ ಕಲಿತಿದ್ದರು. ಯಾವುದು ಒಂದು ಗರಿ, ಯಾವುದು ಎರಡು, ಎರಡು ಹೆಸರುಗಳು ಒಂದೇ ಕೃತಿಯವೋ ಅಲ್ಲವೋ ಎಂಬ ತೀರ್ಮಾನವನ್ನು ಹೊರಗಿನವರಿಗೆ ಬಿಟ್ಟುಕೊಟ್ಟರೆ ಗ್ರಂಥಸಂಪಾದನೆಯಲ್ಲಿ ನಮಗೆ ಉಳಿಯುವುದಾದರೂ ಏನು?

ವಿಭಾಗಗಳಿಂದ ನಿರೀಕ್ಷಿಸುವುದು ಹೆಚ್ಚಿನದೇನಲ್ಲ. ಪಿಎಚ್.ಡಿ. ಪ್ರಬಂಧಗಳು ಈಗ ಶೋಧಗಂಗಾದಲ್ಲಿ ಸೇರುತ್ತಿವೆ. ಅವುಗಳಿಗೆ ಆಧಾರವಾದ ಚಿತ್ರ, ಧ್ವನಿಗಳು ಎಲ್ಲಿಯೂ ಸೇರುತ್ತಿಲ್ಲ. ಕ್ಷೇತ್ರಕಾರ್ಯವನ್ನು ಆಧರಿಸಿದ ಪ್ರತಿ ಪ್ರಬಂಧದ ಜೊತೆಗೆ ಅದರ ಡಿಜಿಟಲ್ ಸಾಮಗ್ರಿಯ ಪೂರ್ಣ ಪಟ್ಟಿಯನ್ನು, ಫೈಲುಗಳ ಒಟ್ಟು ಸಂಖ್ಯೆಯೊಡನೆ, ಅನುಬಂಧವಾಗಿ ಕೊಡಬೇಕೆಂಬ ನಿಯಮ ಬರಲಿ. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಪಟ್ಟಿ ಮಾಡುವ ಸ್ಕ್ರಿಪ್ಟಿಗೆ ಎರಡು ಗಂಟೆ ಮೀಸಲಿರಲಿ. ಹದಿನೈದು ಸಾಲಿಗೆ ಅದಕ್ಕಿಂತ ಹೆಚ್ಚು ಸಮಯ ಬೇಕಾಗದು. ನನಗೆ ಎರಡು ವಾರ ಹಿಡಿದದ್ದು ಹೇಳಿಕೊಡುವವರಿಲ್ಲದ ಕಾರಣಕ್ಕೆ. ಮಾರ್ಗದರ್ಶಕರು ಕ್ಷೇತ್ರಕಾರ್ಯದಿಂದ ಬಂದ ವಿದ್ಯಾರ್ಥಿಯ ನೋಟ್‌ಬುಕ್ಕಿನ ಸಂಖ್ಯೆಯನ್ನೂ ಪಟ್ಟಿಯ ಸಂಖ್ಯೆಯನ್ನೂ ಒಮ್ಮೆ ತಾಳೆ ನೋಡಿದರೆ ಸಾಕು.

ಕವಿತಾಳದ ಸುತ್ತ ಸಂಗ್ರಹಿಸಿದ ಸಾಮಗ್ರಿಯ ಪಟ್ಟಿಯನ್ನು ಕನ್ನಡ ವರ್ಣಾನುಕ್ರಮದಲ್ಲಿ ಮುದ್ರಿಸಿ ವಿಭಾಗದ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಆ ವಹಿಯ 198ನೆಯ ಪುಟದಿಂದ ಮುಂದೆ, ಮಿತ್ರರಲ್ಲಿ ದೊರೆತ ಒಂಬತ್ತನ್ನು ಬಿಟ್ಟು, ಎಂಟು ಪುಟಗಳ ಎದುರು ‘ಇಲ್ಲ’ ಎಂದು ನಮೂದಾಗಿದೆ. ಅಕ್ಕಪಕ್ಕದ ಪುಟಗಳನ್ನು ನೋಡಿದರೆ ಅವು ಗೋಪಾಲವಿಠಲ ಅಂಕಿತದ ಹಾಡುಗಳ ಭಾಗವಾಗಿರಬೇಕು. ಮಾನ್ವಿ, ದೇವದುರ್ಗ, ಸಿರವಾರ ಭಾಗದಲ್ಲಿ ಇಂಥ ವಹಿಗಳನ್ನು ಕಂಡವರು, ಚಿತ್ರ ತೆಗೆದುಕೊಂಡವರು ಇದ್ದರೆ, ತಮ್ಮ ಫೋಲ್ಡರುಗಳಲ್ಲಿ ಒಮ್ಮೆ ನೋಡಿ ತಿಳಿಸಬೇಕೆಂದು ಕೋರುತ್ತೇನೆ.